ವಾಗ್ಲೆ ಕಿ ದುನಿಯಾ: ಪದೇ ಪದೇ ಕೇಳುವ ಪ್ರಶ್ನೆಗಳು

ಮದುವೆ ಮನೆಯಲ್ಲಿ ಎರಡನೇ ಪಂಕ್ತಿಗೆ ಕಾಯುತ್ತಾ ಕೂತಾಗ ಯಾರಾದರೂ ಒಬ್ಬರು ಈ ಮಾತು ತೆಗೆಯುತ್ತಾರೆ: "ವಾಗ್ಲೆ ನೆನಪಿದೆಯೇನ್ರೀ?" ಅಲ್ಲಿಂದ ಪ್ರಶ್ನೆಗಳು ಶುರು. ನೋಡಿದವರಿಗೆ ಒಂದು ಥರದ ಅನುಮಾನ, ನೋಡದೇ ಇರುವ ಅವರ ಮಕ್ಕಳಿಗೆ ಇನ್ನೊಂದು ಥರದ್ದು. ಹಳೆಯ ಗೆಳೆಯರು ಪತ್ರದಲ್ಲಿ ಕೇಳಿದ್ದನ್ನೂ ಸೇರಿಸಿ, ಕೇಳಿದವರ ಮಾತಿನಲ್ಲೇ ಇಲ್ಲಿ ಬರೆದಿದ್ದೇನೆ.

## ಏನೂ ಗೊತ್ತಿಲ್ಲದವರಿಗೆ

ಏನಿದು ವಾಗ್ಲೆ ಕಿ ದುನಿಯಾ? ನಾನು ಹುಟ್ಟಿದ್ದೇ 2000ದಲ್ಲಿ!

ದೂರದರ್ಶನದಲ್ಲಿ 1988ರಿಂದ 1990ರ ನಡುವೆ ಬಂದ ಹಿಂದಿ ಹಾಸ್ಯ ಧಾರಾವಾಹಿ. ಹೆಸರಿನ ಅರ್ಥ 'ವಾಗ್ಲೆಯ ಪ್ರಪಂಚ'. ಆ ಪ್ರಪಂಚ ತುಂಬಾ ಚಿಕ್ಕದು. ಶ್ರೀನಿವಾಸ ವಾಗ್ಲೆ ಎಂಬ ಸೇಲ್ಸ್ ಕ್ಲರ್ಕ್, ಅವನ ಹೆಂಡತಿ ರಾಧಿಕಾ, ಮಕ್ಕಳು, ಅಕ್ಕಪಕ್ಕದವರು, ಆಫೀಸು. ಊರು ಮುಂಬೈ, ಆಗಿನ್ನೂ ಬೊಂಬಾಯಿ. ಕೊಲೆ ಇಲ್ಲ, ಆಸ್ತಿ ಜಗಳ ಇಲ್ಲ, ಕಳೆದುಹೋದ ಅವಳಿ ಮಗು ಇಲ್ಲ. ತಿಂಗಳ ಸಂಬಳದಲ್ಲಿ ಮರ್ಯಾದೆಯಿಂದ ಬದುಕಬೇಕು ಅನ್ನುವ ಮನುಷ್ಯನಿಗೆ ದಿನಕ್ಕೊಂದು ಬರುವ ಸಣ್ಣ ತೊಂದರೆ, ಅಷ್ಟೇ ಕತೆ.

ಆ ಕಾಲದ ಟಿವಿಯಲ್ಲಿ ಇನ್ನೇನಿತ್ತು ಅಂತ ನೆನಪಿಸಿಕೊಂಡರೆ ಇದರ ಸೊಗಸು ಗೊತ್ತಾಗುತ್ತದೆ. 1988ರ ಜುಲೈ ಕೊನೆಗೆ ರಾಮಾಯಣ ಮುಗಿಯಿತು. ಅಕ್ಟೋಬರ್ 2ಕ್ಕೆ ಮಹಾಭಾರತ ಶುರುವಾಯಿತು. ದೇವರುಗಳೂ ಮಹಾರಥಿಗಳೂ ಓಡಾಡುತ್ತಿದ್ದ ಅದೇ ಪೆಟ್ಟಿಗೆಯೊಳಗೆ ಈ ಗುಮಾಸ್ತನೂ ಬಂದು ಕೂತ.

ಯಾರು ಮಾಡಿದ್ದು? ಯಾರ್ಯಾರು ನಟಿಸಿದ್ದರು?

ಮೂಲ ಕಲ್ಪನೆ ವ್ಯಂಗ್ಯಚಿತ್ರಕಾರ ಆರ್.ಕೆ. ಲಕ್ಷ್ಮಣ್ ಅವರದು. ನಿರ್ದೇಶನ ಕುಂದನ್ ಶಾ. ವಾಗ್ಲೆ ಆಗಿದ್ದು ಅಂಜನ್ ಶ್ರೀವಾಸ್ತವ, ರಾಧಿಕಾ ಆಗಿದ್ದು ಭಾರತಿ ಆಚ್ರೇಕರ್. ತಯಾರಿಸಿದ್ದು ದುರ್ಗಾ ಖೋಟೆ ಪ್ರೊಡಕ್ಷನ್ಸ್. ಹೌದು, 'ಮೊಘಲ್-ಎ-ಆಝಂ' ಸಿನಿಮಾದಲ್ಲಿ ಜೋಧಾಬಾಯಿ ಆಗಿದ್ದರಲ್ಲ, ಅದೇ ದುರ್ಗಾ ಖೋಟೆ ಅವರ ಸಂಸ್ಥೆ.

ನಮ್ಮಜ್ಜಿಗೆ ಹಿಂದಿ ಒಂದಕ್ಷರ ಬರ್ತಿರಲಿಲ್ಲ. ಆದ್ರೂ ತಪ್ಪದೆ ನೋಡ್ತಿದ್ರಂತೆ. ಅದು ಹೇಗೆ?

ಮೊದಲನೇ ಕಾರಣ, ಬೇರೆ ದಾರಿ ಇರಲಿಲ್ಲ. ಬೆಂಗಳೂರು ದೂರದರ್ಶನ ಕೇಂದ್ರ 1981ರ ನವೆಂಬರ್ 1ರಂದು ಶುರುವಾಯಿತು. ಸಂಜೆ ಕನ್ನಡ ಕಾರ್ಯಕ್ರಮಗಳು ಇರುತ್ತಿದ್ದವು. ಅವು ಮುಗಿದ ಮೇಲೆ ರಾತ್ರಿ ದೆಹಲಿಯಿಂದ ರಾಷ್ಟ್ರೀಯ ಕಾರ್ಯಕ್ರಮ. 1982ರ ಆಗಸ್ಟ್ 15ರಿಂದ ದೇಶವೆಲ್ಲ ನೋಡಿದ್ದು ಅದನ್ನೇ. ರಿಮೋಟ್ ಇಲ್ಲ, ಇದ್ದಿದ್ದರೂ ಬದಲಾಯಿಸಲು ಇನ್ನೊಂದು ಚಾನೆಲ್ ಇಲ್ಲ.

ಎರಡನೇ ಕಾರಣ ನನಗೆ ಜಾಸ್ತಿ ಇಷ್ಟ. ವಾಗ್ಲೆಯನ್ನು ನೋಡಲು ಭಾಷೆ ಅಷ್ಟಾಗಿ ಬೇಕಿರಲಿಲ್ಲ. ಖಾಲಿ ಪರ್ಸನ್ನು ಎರಡು ಸಲ ತೆರೆದು ನೋಡುವ ಗಂಡಸು ಎಲ್ಲ ಊರಲ್ಲೂ ಒಂದೇ ಥರ ಇರುತ್ತಾನೆ.

ಹಾಸನದ ನಮ್ಮ ವಠಾರದಲ್ಲಿ ಟಿವಿ ಇದ್ದದ್ದು ಒಂದೇ ಮನೆಯಲ್ಲಿ. ಎಳೆದು ಮುಚ್ಚುವ ಮರದ ಬಾಗಿಲಿನ ಪೆಟ್ಟಿಗೆ, ಮೇಲೆ ಕ್ರೋಷಾ ಬಟ್ಟೆ, ಅದರ ಮೇಲೊಂದು ಪ್ಲಾಸ್ಟಿಕ್ ಗಿಳಿ. ಗಾಳಿ ಬೀಸಿದರೆ ಆಂಟೆನಾ ತಿರುಗಿಬಿಡುತ್ತಿತ್ತು. ಒಬ್ಬ ಹುಡುಗ ಹೆಂಚಿನ ಮೇಲೆ, ಒಬ್ಬ ಕಿಟಕಿ ಹತ್ತಿರ, ಒಬ್ಬ ಟಿವಿ ಮುಂದೆ.

"ಬಂತಾ?"

"ಇಲ್ಲ, ಇನ್ನೂ ಸ್ವಲ್ಪ ಆ ಕಡೆ."

"ಈಗ?"

"ಬಂತು, ಬಂತು... ಅಯ್ಯೋ, ಹೋಯ್ತು!"

ಹೆಂಚಿನ ಮೇಲಿದ್ದವನಿಗೆ ಆ ವಾರದ ವಾಗ್ಲೆ ಸಿಕ್ಕುತ್ತಿದ್ದುದು ಬರೀ ಕಿವಿಗೆ. ವಠಾರದಲ್ಲಿ ಹಿಂದಿ ಪರೀಕ್ಷೆಗೆ ಓದುತ್ತಿದ್ದ ಒಬ್ಬ ಅಕ್ಕ ಅಜ್ಜಿಯರಿಗೆ ಪಕ್ಕದಲ್ಲಿ ಕೂತು ಅರ್ಥ ಹೇಳುತ್ತಿದ್ದಳು. ಮೂರು ವಾರ ಆದಮೇಲೆ ಅಜ್ಜಿಯರೇ "ಸುಮ್ನಿರೇ, ನಂಗೆ ಗೊತ್ತಾಗತ್ತೆ" ಅಂದರು.

ವಾಗ್ಲೆ ಅಂದ್ರೆ ನಮ್ಮ ಕುಮಟಾ, ಕಾರವಾರ ಕಡೆ ಹೆಸರಲ್ವಾ?

ಹೆಸರು ಆ ಕಡೆಯದೂ ಹೌದು. ವಾಗ್ಲೆ ಕೊಂಕಣಿ ಸಾರಸ್ವತರ ಅಡ್ಡಹೆಸರು. ಗೋವಾ, ಮಹಾರಾಷ್ಟ್ರದ ಕರಾವಳಿ, ನಮ್ಮ ಉತ್ತರ ಕನ್ನಡ, ಎಲ್ಲ ಕಡೆ ಸಿಗುತ್ತದೆ. ಆದರೆ ಧಾರಾವಾಹಿಯ ವಾಗ್ಲೆ ಮುಂಬೈಯವನು. ಶ್ರೀನಿವಾಸ ಅನ್ನುವ ಹೆಸರು ಮಾತ್ರ ಮೈಸೂರಿನ ಯಾವ ಬೀದಿಯಲ್ಲಿ ಕೂಗಿದರೂ ಇಬ್ಬರು ತಿರುಗಿ ನೋಡುವಂಥದ್ದು. ಅದು ಸುಮ್ನೆ ಬಂದದ್ದೋ, ಲಕ್ಷ್ಮಣ್ ಬೇಕಂತಲೇ ಇಟ್ಟದ್ದೋ, ನಮ್ಮವರಂತೂ ಖುಷಿಯಿಂದ ನಮ್ಮದೇ ಅಂದುಕೊಂಡರು.

## ನೋಡಿದವರು ಕೇಳುವುದು

ಪೇಪರಿನಲ್ಲಿ ಬರ್ತಿದ್ದ ಆ ಕಾಮನ್ ಮ್ಯಾನೇ ವಾಗ್ಲೆನಾ?

ಒಂದೇ ಮನೆತನದವರು ಅನ್ನಬಹುದು, ಒಬ್ಬನೇ ಅಲ್ಲ.

ಲಕ್ಷ್ಮಣ್ 'ಯೂ ಸೆಡ್ ಇಟ್' ಎಂಬ ಪುಟ್ಟ ಚೌಕದ ವ್ಯಂಗ್ಯಚಿತ್ರವನ್ನು ಟೈಮ್ಸ್ ಆಫ್ ಇಂಡಿಯಾದಲ್ಲಿ ಶುರು ಮಾಡಿದ್ದು 1951ರಲ್ಲಿ. ಮೊದಮೊದಲು ಜನಸಾಮಾನ್ಯರನ್ನು ತೋರಿಸಲು ಬೇರೆ ಬೇರೆ ಪ್ರಾಂತ್ಯದವರನ್ನೆಲ್ಲ ಬರೆಯುತ್ತಿದ್ದರು. ದಿನಾ ಅಷ್ಟು ಜನರನ್ನು ಬರೆಯುವಷ್ಟು ಪುರುಸೊತ್ತು ಎಲ್ಲಿಂದ ಬರಬೇಕು? ಒಬ್ಬೊಬ್ಬರನ್ನೇ ಕೈಬಿಡುತ್ತಾ ಹೋಗಿ ಕೊನೆಗೆ ಉಳಿದವನು ಒಬ್ಬ. ಪಂಚೆ, ಚೌಕಳಿ ಕೋಟು, ಬೋಳುತಲೆಯ ಅಂಚಿಗೆ ನಾಲ್ಕು ಕೂದಲು, ದಪ್ಪ ಮೂಗು, ಕನ್ನಡಕ.

ಈ ಕಾಮನ್ ಮ್ಯಾನ್ ಎಲ್ಲ ಕಡೆ ಇರುತ್ತಾನೆ. ಮಂತ್ರಿಗಳ ಸಭೆಯಲ್ಲಿ, ಪ್ರವಾಹ ಬಂದ ಊರಲ್ಲಿ, ರೇಷನ್ ಕ್ಯೂನಲ್ಲಿ. ಆದರೆ ಒಂದು ಮಾತೂ ಆಡುವುದಿಲ್ಲ. ಬರೀ ನೋಡುತ್ತಾನೆ. ಮಾತೇನಿದ್ದರೂ ಅವನ ಹೆಂಡತಿಯದು, ಅಥವಾ ಬೇರೆಯವರದು.

ವಾಗ್ಲೆ ಅಂದರೆ ಆ ಮನುಷ್ಯ ಕೊನೆಗೂ ಬಾಯಿ ತೆರೆದದ್ದು. ಪಂಚೆ ಹೋಗಿ ಪ್ಯಾಂಟು ಬಂತು, ವಯಸ್ಸು ಒಂದಿಪ್ಪತ್ತು ವರ್ಷ ಕಡಿಮೆಯಾಯಿತು. ಕಾಮನ್ ಮ್ಯಾನ್ ಸುಮ್ಮನಿದ್ದುದರಿಂದ ಅವನು ಏನೆಲ್ಲ ಯೋಚಿಸುತ್ತಿರಬಹುದು ಅಂತ ನಾವು ಊಹಿಸಿಕೊಳ್ಳುತ್ತಿದ್ದೆವು. ವಾಗ್ಲೆ ಬಾಯಿಬಿಟ್ಟ ಮೇಲೆ ಗೊತ್ತಾಯಿತು: ಯೋಚನೆ ದೊಡ್ಡದೇನಲ್ಲ. ಈ ತಿಂಗಳು ಹೇಗೆ ತೂಗಿಸೋದು, ಪಕ್ಕದ ಮನೆಯವರು ಏನಂದುಕೊಂಡರು, ಸಾಹೇಬರು ಯಾಕೆ ಕರೆದರು. ನಗು ಇರುವುದೇ ಅಲ್ಲಿ.

ಅಂದ ಹಾಗೆ, ಟೈಮ್ಸ್ ಆಫ್ ಇಂಡಿಯಾಕ್ಕೆ 150 ವರ್ಷ ತುಂಬಿದ ನೆಪದಲ್ಲಿ ಕಾಮನ್ ಮ್ಯಾನ್ ಅಂಚೆಚೀಟಿಗೂ ಏರಿದ. ಅದೂ 1988ರಲ್ಲೇ. ಆ ವರ್ಷ ಅವನದ್ದೇ ದರ್ಬಾರು.

ಮಾಲ್ಗುಡಿ ಡೇಸ್ ಮಾಡಿದ್ದೂ ಇವರೇ ಅಲ್ವಾ? ಅದರಲ್ಲೂ ಲಕ್ಷ್ಮಣ್ ಹೆಸರು ಬರತ್ತೆ.

ಇಲ್ಲ. ಅಣ್ಣ ತಮ್ಮಂದಿರ ಗೊಂದಲ ಇದು. ಮಾಲ್ಗುಡಿ ಡೇಸ್ ಕತೆಗಳು ಅಣ್ಣ ಆರ್.ಕೆ. ನಾರಾಯಣ್ ಅವರದು. 1986ರಲ್ಲಿ ಅದನ್ನು ಧಾರಾವಾಹಿ ಮಾಡಿದವರು ಶಂಕರ್ ನಾಗ್, ಚಿತ್ರೀಕರಣ ಆಗುಂಬೆಯಲ್ಲಿ. ಶುರುವಿನಲ್ಲಿ ಎಲ್. ವೈದ್ಯನಾಥನ್ ಸಂಗೀತದ ಜೊತೆ ಬರುವ ಚಿತ್ರಗಳು ತಮ್ಮ ಲಕ್ಷ್ಮಣ್ ಬರೆದದ್ದು. ಅದಕ್ಕೇ ಹೆಸರು ನೆನಪಿನಲ್ಲಿ ಕಲಸಿಕೊಂಡಿರುತ್ತದೆ.

ಒಂದು ಮಾತು. ಎರಡು ವರ್ಷದ ಅಂತರದಲ್ಲಿ ಮೈಸೂರಿನ ಒಂದೇ ಮನೆಯ ಇಬ್ಬರು ಇಡೀ ದೇಶದ ರಾತ್ರಿಯನ್ನು ಹಂಚಿಕೊಂಡರು. ಒಬ್ಬರು ಹಳ್ಳಿಯೂ ಅಲ್ಲದ ಪಟ್ಟಣವೂ ಅಲ್ಲದ ಊರು ಕೊಟ್ಟರು, ಇನ್ನೊಬ್ಬರು ಮಹಾನಗರದ ಒಂದು ಸಣ್ಣ ಮನೆ.

ಲಕ್ಷ್ಮಣ್ ಮೈಸೂರಿನವರಾದ್ರೂ ಕನ್ನಡಕ್ಕೆ ಏನು ಮಾಡಿದ್ದಾರೆ?

ಮನೆಮಾತು ತಮಿಳು, ಹುಟ್ಟಿದ್ದು 1921ರಲ್ಲಿ ಮೈಸೂರಿನಲ್ಲಿ, ಓದಿದ್ದು ಮಹಾರಾಜ ಕಾಲೇಜಿನಲ್ಲಿ. ಮುಂಬೈಯ ಜೆ.ಜೆ. ಕಲಾ ಶಾಲೆಗೆ ಅರ್ಜಿ ಹಾಕಿದರೆ 'ನಿಮ್ಮಲ್ಲಿ ಅಷ್ಟು ಪ್ರತಿಭೆ ಇಲ್ಲ' ಅಂತ ಉತ್ತರ ಬಂದ ಕತೆಯನ್ನು ಅವರೇ ಹೇಳಿಕೊಂಡಿದ್ದಾರೆ. ಹೆಸರು ಬರುವ ಮೊದಲೇ 'ಕೊರವಂಜಿ'ಗೆ ಚಿತ್ರ ಬರೆದರು. ಡಾ. ಎಂ. ಶಿವರಾಂ, ಅಂದರೆ ನಮ್ಮ ರಾಶಿ, 1942ರಲ್ಲಿ ಶುರು ಮಾಡಿದ ಹಾಸ್ಯ ಪತ್ರಿಕೆ ಅದು. ಕನ್ನಡದ ನಗೆಯ ಬರವಣಿಗೆ ಗುಂಪಾಗಿ ಬೆಳೆದದ್ದೇ ಅಲ್ಲಿ. ಏಷ್ಯನ್ ಪೇಂಟ್ಸ್ ಡಬ್ಬಿಯ ಮೇಲೆ ಬ್ರಷ್ ಹಿಡಿದು ನಿಲ್ಲುತ್ತಿದ್ದ ಗಟ್ಟು ಎಂಬ ತುಂಟ ಹುಡುಗನೂ ಲಕ್ಷ್ಮಣ್ ಕೈಯವನೇ. ಇನ್ನೊಂದು, ಕಾಗೆ ಅಂದರೆ ಅವರಿಗೆ ಪ್ರಾಣ. ಅವರು ಬರೆದ ಕಾಗೆಗಳನ್ನು ನೋಡಿದ ಮೇಲೆ ನವಿಲು ಸ್ವಲ್ಪ ಅತಿಯಾಯಿತು ಅನ್ನಿಸುತ್ತದೆ.

ಶಾರುಖ್ ಖಾನ್ ಇದರಲ್ಲಿದ್ದ ಅನ್ನೋದು ನಿಜಾನಾ, ಸುಳ್ಳು ಸುದ್ದಿನಾ?

ನಿಜ. ಒಂದು ಕಂತಿನಲ್ಲಿ ವಾಗ್ಲೆಗೆ ಕಾರು ಗುದ್ದಿಸುವ ಹುಡುಗನಾಗಿ ಬರುತ್ತಾನೆ. ಮುಂದೆ ಕುಂದನ್ ಶಾ ಅವರು ಅಝೀಝ್ ಮಿರ್ಝಾ ಜೊತೆ ಮಾಡಿದ 'ಸರ್ಕಸ್' ಧಾರಾವಾಹಿಯಲ್ಲಿ, ಆಮೇಲೆ 1994ರ 'ಕಭೀ ಹಾಂ ಕಭೀ ನಾ' ಸಿನಿಮಾದಲ್ಲಿ ಅವನೇ ನಾಯಕ. ಆ ಸಿನಿಮಾದಲ್ಲಿ ಅಂಜನ್ ಶ್ರೀವಾಸ್ತವ ಕೂಡ ಇದ್ದಾರೆ. ಕಾರು ಗುದ್ದಿಸಿದವನೂ ಗುದ್ದಿಸಿಕೊಂಡವನೂ ಮತ್ತೆ ಎದುರಾದರು ಅನ್ನಿ.

ಅಂಜನ್ ಶ್ರೀವಾಸ್ತವ ಅಷ್ಟು ಸಹಜವಾಗಿ ಗುಮಾಸ್ತ ಆಗಿದ್ದು ಹೇಗೆ?

ಅವರೂ ನೌಕರಿಯವರೇ! ಅಲಹಾಬಾದ್ ಬ್ಯಾಂಕಿನಲ್ಲಿ ಕೆಲಸ ಮಾಡುತ್ತಲೇ ನಾಟಕ, ಸಿನಿಮಾ ಮಾಡಿದವರು. ಇಪ್ಟಾ ಎಂಬ ನಾಟಕ ತಂಡದಲ್ಲಿ ಪಳಗಿದವರು. ಬಹಳ ಜನ ಅವರನ್ನು ಮರಾಠಿಯವರು ಅಂದುಕೊಂಡಿದ್ದರು, ಆದರೆ ಹುಟ್ಟಿದ್ದು ಕಲ್ಕತ್ತಾದಲ್ಲಿ. ರಜೆ ಕೇಳಲು ಸಾಹೇಬರ ಮೇಜಿನ ಮುಂದೆ ಹೇಗೆ ನಿಲ್ಲಬೇಕು ಅಂತ ಅವರಿಗೆ ಯಾರೂ ಹೇಳಿಕೊಡಬೇಕಿರಲಿಲ್ಲ ಅನ್ನಿಸುತ್ತದೆ.

ರಾಧಿಕಾ ಪಾತ್ರ ಈಗಿನ ಕಣ್ಣಿಗೆ ಹಳೆಯದು ಅನ್ನಿಸಲ್ವಾ?

ಸ್ವಲ್ಪ ಅನ್ನಿಸುತ್ತದೆ. ಅಡುಗೆಮನೆ ಅವಳದ್ದೇ, ಆಫೀಸು ಅವನದ್ದೇ. ಅದನ್ನು ಮುಚ್ಚಿಡುವುದು ಬೇಡ. ಆದರೆ ಭಾರತಿ ಆಚ್ರೇಕರ್ ಅವಳನ್ನು ಅಳುಮುಂಜಿ ಮಾಡಲಿಲ್ಲ, ಗಂಡನ ಮೇಲೆ ಹಾರಾಡುವ ಬಜಾರಿಯೂ ಮಾಡಲಿಲ್ಲ. ಗಂಡ ಹುಲಿಯ ಹಾಗೆ ಮಾತಾಡುವಾಗ ಅವನು ಇಲಿ ಅಂತ ಗೊತ್ತಿದ್ದೂ ಸುಮ್ಮನಿರುವ ಹೆಂಗಸು ಅವಳು. ಆ ಸುಮ್ಮನಿರುವಿಕೆಯಲ್ಲೇ ಅರ್ಧ ಮಾತು ಮುಗಿದಿರುತ್ತಿತ್ತು.

ಭಾರತಿ ಅವರು ಗಾಯಕಿ ಮಾಣಿಕ್ ವರ್ಮಾ ಅವರ ಮಗಳು. ಧ್ವನಿಯ ಮೇಲೆ ಆಕೆಗೆ ಎಷ್ಟು ಹಿಡಿತ ಅಂತ ಗೊತ್ತಾಗಬೇಕಾದರೆ 2013ರ 'ದಿ ಲಂಚ್‌ಬಾಕ್ಸ್' ನೋಡಿ. ಮೇಲಿನ ಮನೆಯ ದೇಶಪಾಂಡೆ ಆಂಟಿಯಾಗಿ ಮುಖ ತೋರಿಸುವುದೇ ಇಲ್ಲ, ಬರೀ ಕೂಗಿ ಮಾತಾಡುತ್ತಾರೆ. ಆದರೂ ಸಿನಿಮಾ ಮುಗಿದ ಮೇಲೆ ಆ ಆಂಟಿಯನ್ನು ಕಣ್ಣಾರೆ ಕಂಡ ಹಾಗೇ ಇರುತ್ತದೆ.

## ಇನ್ನೂ ಸ್ವಲ್ಪ ಒಳಗೆ

ಈಗ ನೋಡಿದ್ರೆ ತುಂಬಾ ನಿಧಾನ. ಆಗ ನಗೋದಕ್ಕೆ ಏನಿತ್ತು?

ನಿಧಾನ ಹೌದು. ಈಗಿನ ಹಾಸ್ಯ ಕಾರ್ಯಕ್ರಮದಲ್ಲಿ ನಿಮಿಷಕ್ಕೆ ಮೂರು ಪಂಚ್ ಬರಬೇಕು, ಮಧ್ಯೆ ಢಂಯ್ ಅಂತ ಸದ್ದೂ ಆಗಬೇಕು. ವಾಗ್ಲೆಯಲ್ಲಿ ನಗು ಮಾತಿನಲ್ಲಿರಲಿಲ್ಲ, ಮುಜುಗರದಲ್ಲಿತ್ತು. ಇವನಿಗೆ ಕೋಪ ಬಂದಿದೆ, ಬಯ್ಯಲು ಬಾಯಿ ತೆರೆಯುತ್ತಾನೆ, ಅಷ್ಟರಲ್ಲಿ ಎದುರಿಗಿರುವವನಿಂದ ತನಗೇ ಒಂದು ಕೆಲಸ ಆಗಬೇಕಿದೆ ಅಂತ ನೆನಪಾಗುತ್ತದೆ. ಆ ಬಾಯಿ ಮುಚ್ಚಲು ತೆಗೆದುಕೊಳ್ಳುವ ಎರಡು ಸೆಕೆಂಡ್ ಇದೆಯಲ್ಲ, ಅದಕ್ಕೆ ಹೊತ್ತು ಬೇಕು. ಬೇಗ ಬೇಗ ಕತ್ತರಿಸಿದರೆ ಆ ಎರಡು ಸೆಕೆಂಡೇ ಹೋಗಿಬಿಡುತ್ತದೆ.

ಎಷ್ಟು ಕಂತಾದ್ರೂ ವಾಗ್ಲೆಗೆ ಒಳ್ಳೇದು ಯಾಕೆ ಆಗಲ್ಲ? ಒಂದು ಪ್ರಮೋಷನ್ ಕೊಡಬಾರದಿತ್ತಾ?

ಕೊಟ್ಟರೆ ಧಾರಾವಾಹಿ ಮುಗಿದ ಹಾಗೆ. ಈ ಜಾತಿಯ ಹಾಸ್ಯದ ಕಟ್ಟುಪಾಡೇ ಅದು. ಮನೆ, ಜನ, ಸ್ಥಿತಿಗತಿ ಎಲ್ಲ ಇದ್ದ ಹಾಗೇ ಇರಬೇಕು. ತೊಂದರೆ ಹೊರಗಿಂದ ಬರಬೇಕು, ಅರ್ಧ ಗಂಟೆಯಲ್ಲಿ ಹೊರಟುಹೋಗಬೇಕು, ಮುಂದಿನ ವಾರ ಎಲ್ಲ ಮೊದಲಿನಂತೆ. ಹಾಗಾಗಿ ಹಿಂದಿನ ಕಂತು ತಪ್ಪಿದರೂ ತೊಂದರೆ ಇಲ್ಲ. ಕರೆಂಟ್ ಹೋಗುವ ಊರುಗಳಿಗೆ ಇದು ದೊಡ್ಡ ಅನುಕೂಲ!

ಮೆಗಾ ಧಾರಾವಾಹಿಯಲ್ಲಿ ಇದು ತಿರುಗುಮುರುಗು. ಅಲ್ಲಿ ಪ್ರತಿ ದಿನ ಏನಾದರೂ ಬದಲಾಗಲೇಬೇಕು, ಇಲ್ಲದಿದ್ದರೆ ನಾಳೆ ಯಾರು ನೋಡುತ್ತಾರೆ? ಸಂಬಳದ ಮನೆಗಳಿಗೆ ವಾಗ್ಲೆಯ ಲೆಕ್ಕವೇ ನಿಜ ಅನ್ನಿಸಿತ್ತು. ಒಂದನೇ ತಾರೀಕು ಬರುತ್ತದೆ, ಹೋಗುತ್ತದೆ, ಮತ್ತೆ ಒಂದನೇ ತಾರೀಕು.

ಕುಂದನ್ ಶಾ ಅಂದ್ರೆ 'ಜಾನೇ ಭೀ ದೋ ಯಾರೋ' ಮಾಡಿದವರಾ? ಅಷ್ಟು ಕಟುವಾದ ಸಿನಿಮಾ ಮಾಡಿದವರು ಇಷ್ಟು ಮೆತ್ತಗಿನದ್ದು ಹೇಗೆ ಮಾಡಿದರು?

ಅವರೇ. ಆದರೆ ಇದು ಮೆತ್ತಗಿನದ್ದು ಅನ್ನುವುದನ್ನು ನಾನು ಒಪ್ಪುವುದಿಲ್ಲ. ಅವರ ಕೆಲಸವನ್ನೆಲ್ಲ ಒಂದು ಸಾಲಿನಲ್ಲಿ ಇಟ್ಟು ನೋಡಿ. 1983ರ 'ಜಾನೇ ಭೀ ದೋ ಯಾರೋ' ಕೊನೆಗೆ ಸತ್ಯ ಹೊರಗೆ ತರಲು ಹೋದ ಇಬ್ಬರು ಬಡ ಫೋಟೋಗ್ರಾಫರುಗಳೇ ಜೈಲಿಗೆ ಹೋಗುತ್ತಾರೆ. ಸಯೀದ್ ಮಿರ್ಝಾ ಜೊತೆ ಮಾಡಿದ 'ನುಕ್ಕಡ್' ಧಾರಾವಾಹಿಯ ತುಂಬ ಬೀದಿ ಬದಿಯ ಬಡವರು. 'ಕಭೀ ಹಾಂ ಕಭೀ ನಾ' ನಾಯಕನಿಗೆ ಪರೀಕ್ಷೆಯಲ್ಲೂ ನಪಾಸು, ಪ್ರೀತಿಸಿದ ಹುಡುಗಿಯೂ ಸಿಗುವುದಿಲ್ಲ.

ಸೋಲುವವರ ನಿರ್ದೇಶಕ ಅವರು. ಮಾತೇ ಆಡದ ಮನುಷ್ಯನನ್ನು ನಾಲ್ಕು ದಶಕ ಹತ್ತಿರ ಬರೆದ ಲಕ್ಷ್ಮಣ್ ಒಂದು ಕಡೆ, ಇವರು ಇನ್ನೊಂದು ಕಡೆ. ಇಬ್ಬರೂ ಸೇರಿದಾಗ ಹುಟ್ಟಿದವನು ವಾಗ್ಲೆ. ಅವನು ಪ್ರತಿ ವಾರ ಸ್ವಲ್ಪ ಸೋಲುತ್ತಾನೆ, ಮತ್ತೆ ಬೆಳಗ್ಗೆ ಎದ್ದು ಆಫೀಸಿಗೆ ಹೋಗುತ್ತಾನೆ. ವ್ಯವಸ್ಥೆಯ ಮೇಲಿನ ಸಿಟ್ಟು ಅಲ್ಲೂ ಇತ್ತು, ಇಲ್ಲೂ ಇದೆ. ಇಲ್ಲಿ ಮನೆಮಂದಿ ಜೊತೆಗೆ ಕೂತು ನೋಡುತ್ತಾರೆ ಅಂತ ಸ್ವಲ್ಪ ತಣ್ಣಗೆ ಮಾಡಿ ಬಡಿಸಿದ್ದಾರೆ, ಅಷ್ಟೇ.

ಇದಕ್ಕಿಂತ ಮೊದಲು ಇಂಥದ್ದು ಬಂದಿರಲಿಲ್ವಾ?

ಬಂದಿತ್ತು. 1984ರ 'ಯೇ ಜೋ ಹೈ ಜಿಂದಗಿ' ಈ ದಾರಿಯನ್ನು ತೆರೆದದ್ದು. ಶಫಿ ಇನಾಮ್‌ದಾರ್, ಸ್ವರೂಪ್ ಸಂಪತ್, ರಾಕೇಶ್ ಬೇಡಿ ಮನೆಯವರು. ಸತೀಶ್ ಶಾ ಮಾತ್ರ ವಾರಕ್ಕೊಂದು ಹೊಸ ವೇಷದಲ್ಲಿ ಬರುತ್ತಿದ್ದರು. ಬರೆದದ್ದು ಹಿಂದಿಯ ವ್ಯಂಗ್ಯ ಲೇಖಕ ಶರದ್ ಜೋಶಿ, ಶುರುವಿನ ನಿರ್ದೇಶಕ ಇದೇ ಕುಂದನ್ ಶಾ. ನಗು ಅಲ್ಲಿ ಜಾಸ್ತಿ ಇತ್ತು, ಒಪ್ಪುತ್ತೇನೆ. ಆದರೆ ಆ ಮನೆಗೆ ನಾವು ನೆಂಟರ ಹಾಗೆ ಹೋಗುತ್ತಿದ್ದೆವು. ವಾಗ್ಲೆಯ ಮನೆಗೆ ಚಪ್ಪಲಿ ಬಿಟ್ಟು ನೇರ ಅಡುಗೆಮನೆಗೇ ಹೋಗಬಹುದಿತ್ತು.

ಕನ್ನಡದಲ್ಲಿ ವಾಗ್ಲೆಗೆ ಸಾಟಿ ಯಾವುದು?

ಸರಿಸಾಟಿ ಅಂತ ನಾನು ಯಾವುದನ್ನೂ ಹೇಳುವುದಿಲ್ಲ. ನಮ್ಮಲ್ಲಿ ಮನೆಮಂದಿ ಹಾಸ್ಯ ಬೇರೆ ದಾರಿ ಹಿಡಿಯಿತು. ದೂರದರ್ಶನದ ಕಾಲದಲ್ಲಿ 'ಸಿಹಿಕಹಿ' ಬಂತು, ಅದರಿಂದಲೇ ಚಂದ್ರು, ಗೀತಾ ಇಬ್ಬರ ಹೆಸರಿನ ಹಿಂದೆ ಸಿಹಿಕಹಿ ಅಂಟಿಕೊಂಡಿತು. ರಮೇಶ್ ಭಟ್ಟರ 'ಕ್ರೇಜಿ ಕರ್ನಲ್' ಅಂದರೆ ಈಗಲೂ ಜನ ನಗುತ್ತಾರೆ. ಆಮೇಲೆ ಈಟಿವಿ ಕನ್ನಡದಲ್ಲಿ 'ಪಾಪ ಪಾಂಡು', 'ಸಿಲ್ಲಿ ಲಲ್ಲಿ'. ಇವೆಲ್ಲ ಮಾತಿನ ಮಲ್ಲರ ಹಾಸ್ಯ. ಪಾಂಡು ಹೆಂಡತಿಯ ಕೈಯಲ್ಲಿ ಪೆಟ್ಟು ತಿಂದರೆ, ಸಮಾಜಸೇವಕಿ ಲಲಿತಾಂಬ ಬಾಯಿ ತೆರೆದರೆ ನಾವು ಬಿದ್ದು ಬಿದ್ದು ನಕ್ಕೆವು. ವಾಗ್ಲೆಗೆ ನಕ್ಕದ್ದು ಹಾಗಲ್ಲ, ಸ್ವಲ್ಪ ಆ ಕಡೆ ಈ ಕಡೆ ನೋಡಿ ನಗಬೇಕಿತ್ತು. ಹತ್ತಿರದಲ್ಲೇ ಅಪ್ಪ ಇರುತ್ತಿದ್ದರಲ್ಲ.

ಹೊಸ ವಾಗ್ಲೆ ನೋಡಿದ್ರಾ? ಹೇಗಿದೆ?

2021ರ ಫೆಬ್ರವರಿಯಲ್ಲಿ ಸೋನಿ ಸಬ್ ವಾಹಿನಿಯಲ್ಲಿ ಶುರುವಾಯಿತು. ವಾಗ್ಲೆಯ ಮಗ ರಾಜೇಶ್ ಈಗ ಮನೆಯ ಯಜಮಾನ. ಆ ಪಾತ್ರ ಸುಮೀತ್ ರಾಘವನ್ ಅವರದು, ಹೆಂಡತಿ ವಂದನಾ ಆಗಿ ಪರಿವಾ ಪ್ರಣತಿ. ಅಂಜನ್ ಶ್ರೀವಾಸ್ತವ, ಭಾರತಿ ಆಚ್ರೇಕರ್ ಇಬ್ಬರೂ ಮೂವತ್ತು ವರ್ಷದ ಮೇಲೆ ಅದೇ ಹೆಸರಿನಲ್ಲಿ, ಅಜ್ಜ ಅಜ್ಜಿಯಾಗಿ ವಾಪಸ್ ಬಂದರು. ಆ ಮೊದಲ ಕೆಲವು ಕಂತುಗಳನ್ನು ಅವರಿಬ್ಬರ ಮುಖಕ್ಕಾಗಿಯೇ ನೋಡಿದೆ.

ದಿನಾ ಒಂದು ಕಂತಿನ ಧಾರಾವಾಹಿ, ಹಾಗಾಗಿ ಹಳೆಯದರ ತೂಕ ಹುಡುಕಬೇಡಿ. ಸಂದೇಶ ಸ್ವಲ್ಪ ಜಾಸ್ತಿ. ಹಳೆಯ ವಾಗ್ಲೆ ತಪ್ಪು ಮಾಡಿ ತಲೆ ಕೆರೆದುಕೊಳ್ಳುತ್ತಿದ್ದ, ಹೊಸಬರು ತಪ್ಪು ಮಾಡಿ ಪಾಠ ಕಲಿಯುತ್ತಾರೆ. ಆದರೂ ಮಕ್ಕಳ ಜೊತೆ ಕೂತು ನೋಡಬಹುದಾದದ್ದು.

ಹಳೆಯದನ್ನ ಈಗ ಎಲ್ಲಿ ನೋಡೋದು?

ಯೂಟ್ಯೂಬಿನಲ್ಲಿ ಬಿಡಿಬಿಡಿಯಾಗಿ ಸಿಗುತ್ತವೆ. ಚಿತ್ರ ಮಸುಕು, ಸದ್ದು ಒಂದೊಂದು ಸಲ ಬಾವಿಯೊಳಗಿಂದ ಬಂದ ಹಾಗೆ. ಒಂದೇ ಸಲಕ್ಕೆ ಐದು ನೋಡಬೇಡಿ. ವಾರಕ್ಕೊಂದು ನೋಡಿ, ರಾತ್ರಿ ಊಟ ಆದಮೇಲೆ.

ನಿಮ್ಮ ಮನೇಲಿ ಯಾರಿಗೆ ಜಾಸ್ತಿ ಇಷ್ಟ ಇತ್ತು?

ಅಮ್ಮನಿಗೆ. ಅಪ್ಪ ತಾಲ್ಲೂಕು ಕಚೇರಿಯಲ್ಲಿ ಗುಮಾಸ್ತರು. ವಠಾರದ ಆ ಮನೆಗೆ ಎಲ್ಲರ ಜೊತೆ ಬರುತ್ತಿರಲಿಲ್ಲ, "ಅದರಲ್ಲಿ ನೋಡೋದೇನಿದೆ" ಅಂತ ಪೇಪರ್ ಹಿಡಿದು ಕೂರುತ್ತಿದ್ದರು. ಸ್ವಲ್ಪ ಹೊತ್ತಿಗೆ ಬಾಗಿಲ ಹತ್ತಿರ ಬಂದು ನಿಲ್ಲುವರು. ಒಳಗೆ ಕರೆದರೆ, "ಬೇಡ, ಬೀಗ ಹಾಕಿಲ್ಲ, ಹೋಗ್ಬೇಕು" ಅನ್ನುವರು. ಕೊನೆಯ ತನಕ ಚೌಕಟ್ಟು ಹಿಡಿದು ನಿಂತೇ ನೋಡುವರು.

ಒಂದು ರಾತ್ರಿ ವಾಗ್ಲೆ ಯಾವುದೋ ವಿಷಯಕ್ಕೆ ಸಾಹೇಬರ ಮುಂದೆ ತೊದಲುತ್ತಿದ್ದ. ವಠಾರವೆಲ್ಲ ನಗುತ್ತಿತ್ತು. ಅಮ್ಮನೂ ನಕ್ಕು, ಬಾಗಿಲ ಕಡೆ ತಿರುಗಿ, ಸೆರಗು ಬಾಯಿಗೆ ಒತ್ತಿಕೊಂಡಳು. ಮನೆಗೆ ವಾಪಸ್ ಬರುವಾಗ ಅಪ್ಪ ಬೀಗದ ಕೈ ಹುಡುಕುತ್ತಾ, "ಅವನು ಅರ್ಜಿ ಮೊದಲೇ ಬರೆದು ಕೊಟ್ಟುಬಿಡಬೇಕಿತ್ತು ಕಣೇ, ಬಾಯಲ್ಲಿ ಕೇಳಬಾರದು" ಅಂದರು. ಬೀಗ ಹಾಕಿತ್ತು.